ಗುಲಗಂಜಿ ಹುಳು: ಗುರುತು ಸಿಗದ ಗೆಳೆಯ

ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಗುಲಗಂಜಿಯನ್ನು ಬಳಸುತ್ತಿದ್ದರು. ಕೆಂಪು ಮೈ, ತುದಿಯಲ್ಲೊಂದು ಕಪ್ಪು ಬೊಟ್ಟು ಇರುವ ಆ ಕಾಳನ್ನು ಕಂಡವರಿಗೆ ಗುಲಗಂಜಿ ಹುಳುವಿಗೆ ಆ ಹೆಸರು ಏಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಡಲೆಬೇಳೆಯನ್ನು ಕವುಚಿ ಹಾಕಿದಂಥ ಆಕಾರ, ಮಿರುಗುವ ಕೆಂಪು ಇಲ್ಲವೆ ಕಿತ್ತಳೆ ಬಣ್ಣದ ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆಗಳು. ಅವರೆ, ಅಲಸಂದೆ, ಜೋಳ, ಕುಸುಬೆ, ಹತ್ತಿ, ಹೀಗೆ ಯಾವ ಹೊಲಕ್ಕೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ. ಮಕ್ಕಳು ಇದನ್ನು ಅಂಗೈ ಮೇಲೆ ಬಿಟ್ಟುಕೊಂಡು ಆಡುತ್ತಾರೆ. ಅದು ಬೆರಳಿನ ತುದಿಯವರೆಗೆ ಹತ್ತಿ, ಬೆನ್ನಿನ ಗಟ್ಟಿ ಮುಚ್ಚಳವನ್ನು ಎರಡು ಹೋಳಾಗಿ ತೆರೆದು, ಒಳಗೆ ಮಡಿಚಿಟ್ಟ ತೆಳು ರೆಕ್ಕೆಗಳನ್ನು ಬಿಚ್ಚಿ ಹಾರಿಹೋಗುತ್ತದೆ.

ಇಂಗ್ಲಿಷರು ಇದನ್ನು 'ಲೇಡಿ ಬರ್ಡ್' ಎನ್ನುತ್ತಾರೆ. ಇಲ್ಲಿ ಲೇಡಿ ಎಂದರೆ ಯಾವುದೋ ಹೆಂಗಸಲ್ಲ, ಏಸುವಿನ ತಾಯಿ ಮೇರಿ. ಬೆಳೆ ಉಳಿಸುವ ಈ ಹುಳು ಆಕೆಯ ಕೃಪೆ ಎಂದು ಯುರೋಪಿನ ರೈತರು ನಂಬಿದ್ದರು.

ವಿಚಿತ್ರವೆಂದರೆ, ಈ ಹುಳುವನ್ನು ಕಂಡು ಮೆಚ್ಚುವ ಜನರೇ ಅದರ ಮರಿಯನ್ನು ಕಂಡರೆ ಹೊಸಕಿ ಹಾಕುತ್ತಾರೆ. ತಾಯಿಯ ಅಂದಕ್ಕೂ ಮರಿಯ ರೂಪಕ್ಕೂ ಯಾವ ಹೋಲಿಕೆಯೂ ಇಲ್ಲ. ಎಲೆಯ ಮೇಲೆ ಕಪ್ಪಗೆ, ಮುಳ್ಳುಮುಳ್ಳಾಗಿ ಹರಿದಾಡುವ ಮರಿಯನ್ನು ನೋಡಿದ ರೈತ 'ಬೆಳೆಗೆ ಹುಳು ಬಿತ್ತು' ಎಂದು ಔಷಧಿ ಅಂಗಡಿಗೆ ಹೊರಡುತ್ತಾನೆ. ಬೆಳೆ ಕಾಯುವ ಕೆಲಸದಲ್ಲಿ ದೊಡ್ಡ ಪಾಲು ಆ ಮರಿಯದೇ ಎಂಬುದು ಅವನಿಗೆ ತಿಳಿದಿರುವುದಿಲ್ಲ.

ಹೇನುಗಳ ಲೆಕ್ಕ

ಗುಲಗಂಜಿ ಹುಳುವಿನ ಬೆಲೆ ತಿಳಿಯಬೇಕಾದರೆ ಮೊದಲು ಅದರ ಆಹಾರವಾದ ಸಸ್ಯಹೇನನ್ನು ನೋಡಬೇಕು. ಅವರೆ, ಅಲಸಂದೆಗಳ ಚಿಗುರು, ಹೂ, ಎಳೆಕಾಯಿಗಳಿಗೆ ಕಪ್ಪು ಎಳ್ಳು ಮೆತ್ತಿದಂತೆ ಅಂಟಿಕೊಂಡಿರುವ ಜೀವಿಗಳೇ ಇವು. ಸೂಜಿಯಂಥ ಬಾಯಿಯನ್ನು ಗಿಡಕ್ಕೆ ಚುಚ್ಚಿ ರಸ ಹೀರುತ್ತವೆ. ಹೀರಿದ್ದರಲ್ಲಿ ಹೆಚ್ಚಾದ ಸಕ್ಕರೆಯನ್ನು ಅಂಟಾದ ಸಿಹಿ ದ್ರವವಾಗಿ ಹೊರಹಾಕುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತೆ ಮಾಡುತ್ತದೆ. ಕೆಲವು ಹೇನುಗಳು ಒಂದು ಗಿಡದ ನಂಜುರೋಗವನ್ನು ಇನ್ನೊಂದಕ್ಕೆ ಹಚ್ಚುತ್ತವೆ.

ಇವುಗಳ ಸಂತಾನದ ವೇಗವೇ ದೊಡ್ಡ ಸಮಸ್ಯೆ. ನಮ್ಮಂಥ ಬೆಚ್ಚನೆಯ ನಾಡಿನಲ್ಲಿ ಹೆಣ್ಣು ಹೇನಿಗೆ ಗಂಡಿನ ಅಗತ್ಯವೇ ಇಲ್ಲ. ಅದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಆ ಮರಿಗಳೆಲ್ಲ ಹೆಣ್ಣೇ. ಹುಟ್ಟಿದ ಸುಮಾರು ಒಂದು ವಾರಕ್ಕೆ ಅವೂ ದಿನಕ್ಕೆ ಹಲವು ಮರಿಗಳಂತೆ ಹಾಕತೊಡಗುತ್ತವೆ. ತಡೆಯುವವರೇ ಇಲ್ಲದಿದ್ದರೆ ಒಂದು ಹೇನಿನ ಸಂಸಾರ ತಿಂಗಳೊಳಗೆ ಹೊಲವನ್ನೇ ಮುಚ್ಚಬೇಕಿತ್ತು. ಹಾಗಾಗದಿರಲು ಕಾರಣ ಅವನ್ನು ತಿನ್ನುವ ಜೀವಿಗಳು. ಹಸಿರು ಲೇಸು ರೆಕ್ಕೆಯ ಕೀಟ, ಹೂವಿನ ನೊಣದ ಮರಿ, ಸಣ್ಣ ಪರಾವಲಂಬಿ ಕಣಜಗಳು, ಜೇಡ, ಇವೆಲ್ಲ ಆ ಪಂಗಡಕ್ಕೆ ಸೇರಿದವು. ಅವುಗಳಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವುದು ಗುಲಗಂಜಿ ಹುಳು.

ಮೊಟ್ಟೆಯಿಂದ ಹುಳುವಿನವರೆಗೆ

ಜಗತ್ತಿನಲ್ಲಿ ಗುಲಗಂಜಿ ಹುಳುಗಳ ಸುಮಾರು 6,000 ಪ್ರಭೇದಗಳಿವೆ. ಸಗಣಿ ಹುಳು, ತೆಂಗಿನ ಸುಳಿ ಕೊರೆಯುವ ದುಂಬಿಗಳ ಹಾಗೆ ಇವೂ ಗಟ್ಟಿ ಹೊರರೆಕ್ಕೆಯ ದುಂಬಿಗಳ ಗಣಕ್ಕೆ ಸೇರಿವೆ. ಕರ್ನಾಟಕದ ಹೊಲಗಳಲ್ಲಿ ಏಳು ಚುಕ್ಕೆಯದು, ಬೆನ್ನಿನ ಮೇಲೆ ಅಂಕುಡೊಂಕು ಕಪ್ಪು ಗೆರೆಗಳಿರುವುದು, ಅಡ್ಡಪಟ್ಟೆಯದು ಸಾಮಾನ್ಯವಾಗಿ ಸಿಗುತ್ತವೆ. ಏಳು ಚುಕ್ಕೆಯದರಲ್ಲಿ ಪ್ರತಿ ರೆಕ್ಕೆಗೆ ಮೂರರಂತೆ ಆರು ಚುಕ್ಕೆಗಳು. ಏಳನೆಯದು ಎರಡೂ ರೆಕ್ಕೆ ಕೂಡುವಲ್ಲಿ, ಅರ್ಧ ಇತ್ತ, ಅರ್ಧ ಅತ್ತ.

ತಾಯಿ ಹುಳು ಮೊಟ್ಟೆಯಿಡಲು ಜಾಗ ಹುಡುಕುವುದರಲ್ಲಿ ಜಾಣ. ಹೇನುಗಳ ಗುಂಪಿನ ಹತ್ತಿರ, ಹೆಚ್ಚಾಗಿ ಎಲೆಯ ಅಡಿಯಲ್ಲಿ, ಹತ್ತರಿಂದ ಐವತ್ತರವರೆಗೆ ಮೊಟ್ಟೆಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ ಇಡುತ್ತದೆ. ಹಳದಿ ಬಣ್ಣದ, ಎರಡೂ ತುದಿ ಚೂಪಾದ ಈ ಮೊಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ಮೂರು ನಾಲ್ಕು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮೊದಲು ಹೊರಬಂದ ಮರಿಗಳು ಇನ್ನೂ ಒಡೆಯದ ಪಕ್ಕದ ಮೊಟ್ಟೆಗಳನ್ನೇ ತಿನ್ನುವುದುಂಟು. ಕೇಳಲು ಕ್ರೂರವೆನಿಸಿದರೂ ಇದರಲ್ಲಿ ಲಾಭವಿದೆ. ಮೊದಲ ಹೇನನ್ನು ಹುಡುಕಿ ಹಿಡಿಯುವಷ್ಟು ಕಸುವು ಆ ಊಟದಿಂದಲೇ ಬರುತ್ತದೆ.

ಮರಿಹುಳು ನೋಡಲು ಪುಟ್ಟ ಮೊಸಳೆಯಂತೆ. ಉದ್ದನೆಯ ಮೈ, ಬಾಲದ ಕಡೆಗೆ ಚೂಪಾಗುತ್ತ ಹೋಗುತ್ತದೆ. ಬಣ್ಣ ಕಪ್ಪು ಇಲ್ಲವೆ ಬೂದು, ಅಲ್ಲಲ್ಲಿ ಹಳದಿ ಅಥವಾ ಕಿತ್ತಳೆ ಮಚ್ಚೆ, ಮೈಮೇಲೆ ಸಣ್ಣ ಗಂಟುಗಳು, ಮುಂಭಾಗದಲ್ಲಿ ಆರು ಕಾಲುಗಳು. ಇದು ಚಿಟ್ಟೆಯ ಕಂಬಳಿಹುಳುವಿನಂತೆ ನಿಧಾನವಾಗಿ ಕೂತು ಎಲೆ ಮೇಯುವುದಿಲ್ಲ. ಸದಾ ಏನನ್ನೋ ಹುಡುಕುತ್ತ ಚುರುಕಾಗಿ ಓಡಾಡುತ್ತದೆ. ಎಲೆಯಲ್ಲಿ ತೂತು ಕಾಣದಿದ್ದು, ಹುಳು ಮಾತ್ರ ಓಡಾಡುತ್ತಿದ್ದರೆ ಅದು ಬಹುತೇಕ ಗೆಳೆಯನೇ ಇರಬೇಕು.

ಮರಿ ಬೆಳೆಯುತ್ತ ಮೂರು ಬಾರಿ ಪೊರೆ ಕಳಚುತ್ತದೆ. ಎರಡು ವಾರಗಳ ಆಸುಪಾಸಿನ ಈ ಅವಧಿಯಲ್ಲಿ ಒಂದೊಂದು ಮರಿ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಕೊನೆಯ ಹಂತದ ದಪ್ಪ ಮರಿಯ ಹಸಿವು ಎಲ್ಲಕ್ಕಿಂತ ಹೆಚ್ಚು. ರೆಕ್ಕೆಯಿಲ್ಲದ ಕಾರಣ ಅದು ಬಿಟ್ಟು ಹಾರಿಹೋಗುವಂತಿಲ್ಲ. ಇದ್ದ ಗಿಡವನ್ನೇ ಸ್ವಚ್ಛ ಮಾಡಿ ಪಕ್ಕದ ಗಿಡಕ್ಕೆ ನಡೆಯಬೇಕು. ಹೇನು ಸಿಗದೆ ಹೋದರೆ ಒಡಹುಟ್ಟಿದವರನ್ನೇ ಹಿಡಿದು ತಿನ್ನುತ್ತದೆ.

ಹೊಟ್ಟೆ ತುಂಬಿದ ಮರಿ ಬಾಲದ ತುದಿಯನ್ನು ಎಲೆಗೆ ಅಂಟಿಸಿ, ಮೈ ಮುದುಡಿಕೊಂಡು ಕೋಶವಾಗುತ್ತದೆ. ರೇಷ್ಮೆ ಹುಳುವಿನಂತೆ ಗೂಡು ಕಟ್ಟುವುದಿಲ್ಲ. ಸುಮಾರು ಒಂದು ವಾರದ ನಂತರ ಅದರ ಬೆನ್ನು ಸೀಳಿ ಪ್ರೌಢ ಹುಳು ಹೊರಬರುತ್ತದೆ. ಆಗ ಅದು ಚುಕ್ಕೆಗಳೇ ಇಲ್ಲದ ಪೇಲವ ಹಳದಿ ಹುಳು. ರೆಕ್ಕೆ ಗಟ್ಟಿಯಾಗುತ್ತ ಹೋದಂತೆ ಕೆಲವೇ ಗಂಟೆಗಳಲ್ಲಿ ಚುಕ್ಕೆಗಳು ಮೂಡುತ್ತವೆ. ಆ ಮೇಲೆ ಅವುಗಳ ಎಣಿಕೆ ಬದಲಾಗುವುದಿಲ್ಲ. ಎಷ್ಟು ಚುಕ್ಕೆಯೋ ಅಷ್ಟು ವಯಸ್ಸು ಎಂಬ ಮಾತಿಗೆ ಆಧಾರವಿಲ್ಲ.

ಪ್ರೌಢ ಹುಳುವೂ ದಿನಕ್ಕೆ ಹತ್ತಾರು ಹೇನುಗಳನ್ನು ತಿನ್ನುತ್ತದೆ. ಹೇನು ಕಡಿಮೆಯಾದಾಗ ಹೂವಿನ ಪರಾಗ, ಮಕರಂದಗಳಿಂದ ಹೊಟ್ಟೆ ಹೊರೆಯುತ್ತದೆ. ಮುಟ್ಟಿದರೆ ಕಾಲಿನ ಕೀಲುಗಳಿಂದ ಹಳದಿ ರಸ ಒಸರುತ್ತದೆ. ಕೆಟ್ಟ ವಾಸನೆಯ, ಕಹಿಯಾದ ಆ ರಸದ ರುಚಿ ಕಂಡ ಹಕ್ಕಿ ಮತ್ತೆ ಇದರ ತಂಟೆಗೆ ಹೋಗುವುದಿಲ್ಲ. ಮೈಯ ಕೆಂಪು ಬಣ್ಣ ಬರೀ ಅಲಂಕಾರವಲ್ಲ, ಎಚ್ಚರಿಕೆಯ ಫಲಕ.

ಗಿಡದಲ್ಲಿ ಮೇಲಕ್ಕೆ ಹತ್ತುತ್ತ ಹೇನು ಹುಡುಕುವುದು ಇದರ ಅಭ್ಯಾಸ. ತಪ್ಪಿಸಿಕೊಳ್ಳಲು ಕೆಲವು ಹೇನುಗಳು ಗಿಡದಿಂದ ಕೆಳಕ್ಕೆ ಉದುರಿಬಿಡುತ್ತವೆ. ಮೇಲು ಕೆಳಗೆ ಎಂಬುದೇ ಇಲ್ಲದ ಕಡೆ ಏನಾದೀತು? ಚಿಲಿ ದೇಶದ ಶಾಲಾ ಬಾಲಕಿಯರು ಕೇಳಿದ ಈ ಪ್ರಶ್ನೆಗೆ ಉತ್ತರ ಹುಡುಕಲು 1999ರ ಜುಲೈನಲ್ಲಿ ಕೊಲಂಬಿಯ ಬಾಹ್ಯಾಕಾಶ ನೌಕೆ ಗುಲಗಂಜಿ ಹುಳುಗಳನ್ನೂ ಹೇನುಗಳನ್ನೂ ಹೊತ್ತೊಯ್ದಿತು. ತೂಕವಿಲ್ಲದ ಸ್ಥಿತಿಯಲ್ಲೂ ಹುಳುಗಳು ಹೇನುಗಳನ್ನು ಹಿಡಿದು ತಿಂದವು.

ಕಿತ್ತಳೆ ತೋಟ ಉಳಿಸಿದ 129 ಹುಳುಗಳು

ಇಷ್ಟು ಸಣ್ಣ ಹುಳು ಒಂದು ಇಡೀ ಉದ್ಯಮವನ್ನು ಉಳಿಸಬಲ್ಲದೆ? ಉಳಿಸಿದ ದಾಖಲೆ ಇದೆ. 1868ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಆಸ್ಟ್ರೇಲಿಯದ ಗಿಡಗಳೊಂದಿಗೆ ಹತ್ತಿಯಂಥ ಬಿಳಿ ಮೆತ್ತೆಯ ಶಲ್ಕ ಕೀಟವೊಂದು ಬಂದು ಸೇರಿತು. ಇಪ್ಪತ್ತು ವರ್ಷಗಳಲ್ಲಿ ಕಿತ್ತಳೆ, ನಿಂಬೆ ತೋಟಗಳು ಬೆಳ್ಳಗಾಗಿ ಒಣಗತೊಡಗಿದವು. ಯಾವ ಔಷಧಿಯೂ ನಾಟಲಿಲ್ಲ. ರೈತರು ಮರಗಳನ್ನೇ ಕಡಿದು ಸುಟ್ಟರು.

ಅಮೆರಿಕದ ಕೃಷಿ ಇಲಾಖೆಯ ಕೀಟ ವಿಜ್ಞಾನಿ ಸಿ. ವಿ. ರೈಲಿ ಬೇರೆ ದಾರಿ ಯೋಚಿಸಿದರು. ಈ ಕೀಟ ತನ್ನ ತವರಾದ ಆಸ್ಟ್ರೇಲಿಯದಲ್ಲಿ ಇಷ್ಟು ಕಾಟ ಕೊಡುತ್ತಿಲ್ಲ. ಅಲ್ಲಿ ಇದನ್ನು ತಿನ್ನುವವರು ಯಾರೋ ಇರಬೇಕು. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಸಹಾಯಕರನ್ನು ಅಲ್ಲಿಗೆ ಕಳಿಸಲಾಯಿತು. ಇಂಥ ಕೆಲಸಕ್ಕೆ ವಿದೇಶ ಪ್ರಯಾಣದ ಹಣ ಮಂಜೂರಾಗದ ಕಾರಣ ಮೆಲ್ಬರ್ನ್‌ನ ವಸ್ತುಪ್ರದರ್ಶನಕ್ಕೆ ಹೊರಟಿದ್ದ ನಿಯೋಗದ ಲೆಕ್ಕದಲ್ಲಿ ಅವರನ್ನು ಸೇರಿಸಬೇಕಾಯಿತು. ಕೋಬೆಲೆ ಅಡಿಲೇಡ್‌ನಲ್ಲಿ ಈ ಕೀಟವನ್ನು ತಿನ್ನುತ್ತಿದ್ದ 'ವೆಡಾಲಿಯ' ಎಂಬ ಚಿಕ್ಕ ಗುಲಗಂಜಿ ಹುಳುವನ್ನು ಕಂಡರು. 1888ರ ನವೆಂಬರ್‌ನಿಂದ 1889ರ ಜನವರಿಯೊಳಗೆ ಮೂರು ಕಂತುಗಳಲ್ಲಿ ಕ್ಯಾಲಿಫೋರ್ನಿಯ ತಲುಪಿದ್ದು 129 ಹುಳುಗಳು. ಲಾಸ್ ಏಂಜಲೀಸ್‌ನ ತೋಟವೊಂದರಲ್ಲಿ ಕೀಟ ತುಂಬಿದ ಕಿತ್ತಳೆ ಮರಕ್ಕೆ ಗುಡಾರ ಹೊದಿಸಿ ಅದರೊಳಗೆ ಬಿಟ್ಟರು. ವಸಂತ ಬರುವ ಹೊತ್ತಿಗೆ ಮರ ಸ್ವಚ್ಛವಾಗಿತ್ತು. ಗುಡಾರ ತೆಗೆದರು. ಜೂನ್ ಹೊತ್ತಿಗೆ ಸುಮಾರು ಹತ್ತು ಸಾವಿರ ಹುಳುಗಳನ್ನು ಬೇರೆ ಬೇರೆ ತೋಟಗಳಿಗೆ ಹಂಚಲಾಗಿತ್ತು. ಒಂದೇ ವರ್ಷದಲ್ಲಿ ಆ ಜಿಲ್ಲೆಯಿಂದ ಹೊರಹೋಗುವ ಕಿತ್ತಳೆ 700 ರೈಲು ವ್ಯಾಗನ್‌ಗಳಿಂದ 2,000ಕ್ಕೆ ಏರಿತು.

ಕಥೆಗೆ ಎರಡನೆಯ ಭಾಗವೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಬಂತು. 1946-47ರಲ್ಲಿ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳಿಗೆ ಬೇರೆ ಕೀಟಗಳನ್ನು ಕೊಲ್ಲಲೆಂದು ಅದನ್ನು ಹೊಡೆದರು. ವೆಡಾಲಿಯ ಹುಳುಗಳು ಸತ್ತವು. ಅರ್ಧ ಶತಮಾನ ತಲೆಯೆತ್ತದಿದ್ದ ಬಿಳಿ ಕೀಟ ಮತ್ತೆ ಮರಗಳನ್ನು ಮುಚ್ಚಿತು. ಡಿಡಿಟಿ ಬಳಕೆ ತಗ್ಗಿಸಿ ಹುಳುಗಳನ್ನು ಮತ್ತೆ ತಂದು ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದದ್ದು. ಕಾವಲುಗಾರನನ್ನು ಕೊಂದು ಕಳ್ಳನನ್ನು ಕರೆದಂತಾಗಿತ್ತು.

ಇದೇ ಬಿಳಿ ಕೀಟ 1920ರ ದಶಕದಲ್ಲಿ ನೀಲಗಿರಿಯಲ್ಲೂ ಕಾಣಿಸಿಕೊಂಡಿತು. ಅಲ್ಲಿಯೂ ಅದನ್ನು ಅಡಗಿಸಿದ್ದು ಹೊರಗಿನಿಂದ ತರಿಸಿದ ವೆಡಾಲಿಯ ಹುಳುವೇ.

ಕುಂಬಳಕಾಯಿಯ ಮೇಲೆ ಬೆಳೆಯುವ ಸೈನ್ಯ

ಕರ್ನಾಟಕದ ಕಾಫಿ, ದ್ರಾಕ್ಷಿ ಬೆಳೆಗಾರರಿಗೆ ಹೆಚ್ಚು ಪರಿಚಿತವಾದ ಹುಳು 'ಕ್ರಿಪ್ಟೊಲೀಮಸ್'. ಇದೂ ಆಸ್ಟ್ರೇಲಿಯದ್ದೇ. 1898ರಲ್ಲಿ ನ್ಯೂಪೋರ್ಟ್ ಎಂಬುವರು ಕಾಫಿಯ ಹಸಿರು ತಿಗಣೆಯ ಹತೋಟಿಗೆಂದು ಇದನ್ನು ದಕ್ಷಿಣ ಭಾರತಕ್ಕೆ ತಂದರು. ಹಸಿರು ತಿಗಣೆಯ ಮೇಲೆ ಅದರ ಆಟ ನಡೆಯಲಿಲ್ಲ. ಆದರೆ ಅದು ಇಲ್ಲಿನ ಹಿಟ್ಟು ತಿಗಣೆಗಳನ್ನು ತಿಂದುಕೊಂಡು ಬದುಕಿ ಉಳಿಯಿತು. ಕಾಫಿ, ದ್ರಾಕ್ಷಿ, ಸೀಬೆ, ನಿಂಬೆಗಳಿಗೆ ಮೆತ್ತುವ ಹಿಟ್ಟು ತಿಗಣೆಯ ಮೈಮೇಲೆ ಮೇಣದ ಪುಡಿ ಇರುವುದರಿಂದ ಔಷಧಿ ಸುಲಭವಾಗಿ ಒಳಗಿಳಿಯುವುದಿಲ್ಲ. ಕ್ರಿಪ್ಟೊಲೀಮಸ್ ಹುಳುವಿಗೆ ಆ ಮೇಣ ಅಡ್ಡಿಯೇ ಅಲ್ಲ. ಅದು ತಿಗಣೆಯ ಮೊಟ್ಟೆಗಳ ಬಿಳಿ ಚೀಲದೊಳಗೇ ತನ್ನ ಮೊಟ್ಟೆಯಿಡುತ್ತದೆ.

ಇದನ್ನು ಬೆಳೆಸುವ ಬಗೆ ಸ್ವಾರಸ್ಯದ್ದು. ತೊಟ್ಟಿರುವ, ಹಣ್ಣಾದ ಸಿಹಿಗುಂಬಳಕಾಯಿಯನ್ನು ತೊಳೆದು, ಕೊಳೆಯದಂತೆ ಶಿಲೀಂಧ್ರನಾಶಕದಲ್ಲಿ ಅದ್ದಿ, ಗಾಯಗಳಿದ್ದರೆ ಮೇಣದಿಂದ ಮುಚ್ಚುತ್ತಾರೆ. ಅದರ ಮೇಲೆ ಹಿಟ್ಟು ತಿಗಣೆಯ ಮರಿಗಳನ್ನು ಬಿಡುತ್ತಾರೆ. ಎರಡು ಮೂರು ವಾರಗಳಲ್ಲಿ ಕಾಯಿ ಬೆಳ್ಳಗಾದ ಮೇಲೆ ಪಂಜರದಲ್ಲಿಟ್ಟು ಕ್ರಿಪ್ಟೊಲೀಮಸ್ ಹುಳುಗಳನ್ನು ಬಿಟ್ಟರೆ ಸುಮಾರು ಒಂದು ತಿಂಗಳಿಗೆ ಹೊಸ ಹುಳುಗಳು ಸಿದ್ಧ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದ್ರಾಕ್ಷಿ, ನಿಂಬೆ ಮುಂತಾದ ಬೆಳೆಗಳಲ್ಲಿ ಇದರ ಉಪಯೋಗವನ್ನು ತೋರಿಸಿಕೊಟ್ಟಿದ್ದಾರೆ. ಉಪಯುಕ್ತ ಕೀಟಗಳ ಅಧ್ಯಯನಕ್ಕೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಇದೆ.

ಗುರುತಿನ ಸಮಸ್ಯೆ ಇಲ್ಲಿ ಇನ್ನೂ ಕಠಿಣ. ಕ್ರಿಪ್ಟೊಲೀಮಸ್ ಮರಿಯ ಮೈತುಂಬ ಬಿಳಿ ಮೇಣದ ಎಳೆಗಳಿರುತ್ತವೆ. ನೋಡಿದರೆ ದೊಡ್ಡದೊಂದು ಹಿಟ್ಟು ತಿಗಣೆಯೆಂದೇ ಅನಿಸುತ್ತದೆ. ಹಣ ಕೊಟ್ಟು ಹುಳು ತಂದು ಬಿಟ್ಟ ಬೆಳೆಗಾರ, ತಿಂಗಳೊಪ್ಪತ್ತಿನಲ್ಲಿ 'ತಿಗಣೆ ಇನ್ನೂ ದಪ್ಪಗಾಗಿದೆ' ಎಂದುಕೊಂಡು ಔಷಧಿ ಹೊಡೆದರೆ ತನ್ನ ಸೈನ್ಯವನ್ನೇ ಕೊಂದಂತೆ. ಪರೀಕ್ಷೆ ಸುಲಭ. ತಿಗಣೆ ಕಡ್ಡಿಯಿಂದ ಮುಟ್ಟಿದರೂ ಮೆಲ್ಲಗೆ ಕದಲುತ್ತದೆ. ಮರಿಯಾದರೆ ಸರಸರನೆ ಓಡುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಹಾಗೆಂದು ಗುಲಗಂಜಿ ಹುಳುಗಳೆಲ್ಲ ಸಾಧುಗಳಲ್ಲ. ಬದನೆ, ಆಲೂಗೆಡ್ಡೆ ಗಿಡಗಳ ಎಲೆಯ ಹಸಿರನ್ನು ಕೆರೆದು ತಿಂದು ನರಗಳ ಜಾಲರಿ ಮಾತ್ರ ಉಳಿಸುವ ಹುಳು ಇದೇ ಕುಟುಂಬದ್ದು. ಇದರ ಬೆನ್ನಿನ ಮೇಲೆ 28ರವರೆಗೆ ಚುಕ್ಕೆಗಳಿರುತ್ತವೆ. ಗೆಳೆಯ ಹುಳುವಿನ ಬೆನ್ನು ನುಣುಪಾಗಿ ಹೊಳೆಯುತ್ತದೆ. ಇದರ ಬೆನ್ನಿನ ಮೇಲೆ ನವಿರು ಕೂದಲು, ಹೊಳಪಿಲ್ಲ. ಇದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು, ನಡೆ ನಿಧಾನ. ಇದನ್ನು ಆರಿಸಿ ತೆಗೆದು ನಾಶ ಮಾಡಬೇಕಾದದ್ದೇ. ಇನ್ನು ಹಿಪ್ಪುನೇರಳೆ ಎಲೆಯ ಮೇಲೆ ಕಾಣುವ ಹಳದಿ ಗುಲಗಂಜಿ ಹುಳು ಎಲೆಯನ್ನೂ ತಿನ್ನುವುದಿಲ್ಲ, ಹೇನನ್ನೂ ತಿನ್ನುವುದಿಲ್ಲ. ಬೂದಿ ರೋಗದ ಶಿಲೀಂಧ್ರವನ್ನು ಕೆರೆದು ತಿನ್ನುತ್ತದೆ.

ಹೊರನಾಡಿನ ಹುಳುವನ್ನು ತಂದು ಬಿಟ್ಟದ್ದೆಲ್ಲ ಒಳ್ಳೆಯದೇ ಆಗಿದೆ ಎಂದೂ ಹೇಳಲಾಗದು. ಏಷ್ಯ ಮೂಲದ 'ಹಾರ್ಲೆಕ್ವಿನ್' ಹುಳುವನ್ನು ಹೇನು ಹತೋಟಿಗೆಂದು ಅಮೆರಿಕ, ಯುರೋಪುಗಳಲ್ಲಿ ಬಿಟ್ಟರು. ಅದು ಹೇನಿನ ಜೊತೆಗೆ ಅಲ್ಲಿನ ಗುಲಗಂಜಿ ಹುಳುಗಳ ಮೊಟ್ಟೆ ಮರಿಗಳನ್ನೂ ತಿಂದಿತು. 2004ರಲ್ಲಿ ಬ್ರಿಟನ್ ತಲುಪಿದ ಮೇಲೆ ಅಲ್ಲಿನ ಎರಡು ಚುಕ್ಕೆಯ ಹುಳು ಬಹಳ ಕಡಿಮೆಯಾಯಿತು. ಯಾವ ಕೀಟವನ್ನು ಎಲ್ಲಿಗೆ ತರಬೇಕೆಂಬುದು ತಜ್ಞರು ಪರೀಕ್ಷಿಸಿ ತೀರ್ಮಾನಿಸಬೇಕಾದ ವಿಷಯ. ರೈತನ ಕೆಲಸ ಅದಕ್ಕಿಂತ ಸುಲಭ. ಹೊಲದಲ್ಲಿ ಆಗಲೇ ಇರುವ ಹುಳುವನ್ನು ಉಳಿಸಿಕೊಂಡರೆ ಸಾಕು.

ಉಳಿಸಿಕೊಳ್ಳುವ ಬಗೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ಹುಳುವಿಗೂ ಒಪ್ಪುತ್ತದೆ. ಪುಕ್ಕಟೆ ಸಿಗುವುದರಿಂದ ಅದರ ಬೆಲೆ ತಿಳಿಯುವುದಿಲ್ಲ. ಹೇನು ಕಂಡ ದಿನವೇ ಔಷಧಿ ಹೊಡೆದರೆ ಹೇನೂ ಸಾಯುತ್ತದೆ, ಹುಳುವೂ ಸಾಯುತ್ತದೆ. ಆದರೆ ಅಳಿದುಳಿದ ನಾಲ್ಕು ಹೇನು ವಾರದಲ್ಲಿ ಮತ್ತೆ ನೂರಾಗುತ್ತವೆ. ಹುಳುವಿನ ಹೊಸ ತಲೆಮಾರು ಬರಲು ಮೂರು ನಾಲ್ಕು ವಾರ ಬೇಕು. ಆ ನಡುವಿನ ಹೊತ್ತಿನಲ್ಲಿ ರೈತ ಎರಡನೇ ಬಾರಿ, ಮೂರನೇ ಬಾರಿ ಔಷಧಿ ಕೊಳ್ಳಬೇಕಾಗುತ್ತದೆ. ಸಾಲದ ಪಟ್ಟಿ ಬೆಳೆಯುವುದು ಹೀಗೆ.

ಆದ್ದರಿಂದ ಔಷಧಿಗೆ ಮುನ್ನ ಹೊಲದ ಬೇರೆ ಬೇರೆ ಕಡೆ ಹತ್ತು ಗಿಡಗಳ ಎಲೆ ಮಗುಚಿ ನೋಡಬೇಕು. ಹಳದಿ ಮೊಟ್ಟೆಗಳ ಗುಂಪು, ಮೊಸಳೆಯಂಥ ಮರಿ, ಎಲೆಗಂಟಿದ ಕೋಶ ಸಾಕಷ್ಟು ಕಂಡರೆ ಕೆಲವು ದಿನ ಕಾಯುವುದು ಲೇಸು. ಹೇನು ಒಂದೆರಡು ಕಡೆ ಮಾತ್ರ ಇದ್ದರೆ ಆ ಕೊಂಬೆಗಳನ್ನು ಚಿವುಟಿ ತೆಗೆಯಬಹುದು ಅಥವಾ ನೀರು ರಭಸವಾಗಿ ಹಾಯಿಸಿ ಉದುರಿಸಬಹುದು. ಸಿಂಪರಣೆ ಬೇಕೇ ಬೇಕಾದರೆ ಹೇನು ಹೆಚ್ಚಿರುವ ಭಾಗಕ್ಕಷ್ಟೇ ಸಾಕು. ಬೇವಿನ ಬೀಜದ ಕಷಾಯದಂಥವುಗಳಿಂದ ಗೆಳೆಯ ಹುಳುಗಳಿಗೆ ಆಗುವ ಹಾನಿ ಕಡಿಮೆ.

ಇರುವೆಗಳ ಮೇಲೂ ಕಣ್ಣಿರಬೇಕು. ಹೇನು, ಹಿಟ್ಟು ತಿಗಣೆಗಳ ಸಿಹಿ ದ್ರವದ ಆಸೆಗೆ ಇರುವೆಗಳು ದನ ಕಾದಂತೆ ಅವನ್ನು ಕಾಯುತ್ತವೆ, ಗುಲಗಂಜಿ ಹುಳುಗಳನ್ನು ಕಚ್ಚಿ ಓಡಿಸುತ್ತವೆ. ಇರುವೆ ತುಂಬಿದ ತೋಟಕ್ಕೆ ಕ್ರಿಪ್ಟೊಲೀಮಸ್ ತಂದು ಬಿಟ್ಟು ಫಲವಿಲ್ಲ. ಮೊದಲು ಇರುವೆಗಳನ್ನು ಹತೋಟಿಗೆ ತರಬೇಕು.

ಹಿಂದಿನವರ ಅಕ್ಕಡಿ ಸಾಲಿನ ಪದ್ಧತಿಯಲ್ಲಿ ಈ ದೃಷ್ಟಿಯಿಂದಲೂ ಅರ್ಥವಿದೆ. ರಾಗಿಯ ನಡುವೆ ಅವರೆ, ಅಲಸಂದೆ, ಜೋಳ, ಹುಚ್ಚೆಳ್ಳು ಬಿತ್ತಿದ ಹೊಲದಲ್ಲಿ ಒಂದಲ್ಲ ಒಂದು ಗಿಡದ ಮೇಲೆ ಹೇನೂ ಇರುತ್ತದೆ, ಹೂವಿನ ಪರಾಗವೂ ಇರುತ್ತದೆ. ಗುಲಗಂಜಿ ಹುಳು ಹೊಲ ಬಿಟ್ಟು ಹೋಗುವುದಿಲ್ಲ. ಹತ್ತಿಯ ಹೊಲದಲ್ಲಿ ಅಲಸಂದೆ ಸಾಲು ಹಾಕಿ ಎಂದು ಇಂದಿನ ಕೃಷಿ ವಿಜ್ಞಾನಿಗಳು ಹೇಳುವುದೂ ಇದೇ ಕಾರಣಕ್ಕೆ.

ಶಾಲೆಯ ಮಕ್ಕಳೂ ಈ ಪಾಠವನ್ನು ಖರ್ಚಿಲ್ಲದೆ ಕಲಿಯಬಹುದು. ಅಲಸಂದೆ ಎಲೆಯಡಿಯ ಹಳದಿ ಮೊಟ್ಟೆಗಳನ್ನು ಎಲೆ ಸಮೇತ ತಂದು ಗಾಜಿನ ಶೀಶೆಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಮರಿ ಹೊರಬಂದ ಮೇಲೆ ಒಂದೊಂದನ್ನು ಒಂದೊಂದು ಶೀಶೆಯಲ್ಲಿ ಬೇರೆಯಾಗಿಡಬೇಕು, ಇಲ್ಲದಿದ್ದರೆ ಒಂದನ್ನೊಂದು ತಿನ್ನುತ್ತವೆ. ದಿನವೂ ಹೇನು ಹತ್ತಿದ ಚಿಗುರನ್ನು ಎಣಿಸಿ ಹಾಕಿ, ಮರುದಿನ ಎಷ್ಟು ಉಳಿದಿವೆ ಎಂದು ಬರೆದಿಡಬೇಕು. ಮೂರು ನಾಲ್ಕು ವಾರಗಳಲ್ಲಿ ಆ ಕಪ್ಪು ಮರಿ ಕೆಂಪು ಹುಳುವಾಗಿ ಹಾರಿಹೋಗುವುದನ್ನು ಕಣ್ಣಾರೆ ಕಂಡ ಮಗು, ಹೊಲದಲ್ಲಿ ಅಪ್ಪ ಔಷಧಿಯ ಪಂಪು ಹೆಗಲಿಗೇರಿಸಿದಾಗ ತಡೆದು, 'ಅಪ್ಪಾ, ಸ್ವಲ್ಪ ತಾಳು, ಎಲೆ ಮಗುಚಿ ನೋಡೋಣ' ಎಂದು ಹೇಳಬಲ್ಲದು. ಅಷ್ಟಾದರೆ ಪಾಠ ಕಲಿತದ್ದು ಸಾರ್ಥಕ.